ಸಾಂಡಿಕುಂಡಾದ ಮೆಂಬರು ಸಿರ್ರೆ

ಸಾಂಡಿಕುಂಡಾದ ಕಡಲದಂಡೆಯಲ್ಲಿ ಬೊಂಗಾ ಮೀನಿಗೆ ಹೊಗೆ ಹಾಕುವ ಒಲೆಗಳ ಸಾಲಿದೆ. ನನ್ನ ಒಲೆಯ ಪಕ್ಕದ್ದು ಸಿರ್ರೆ ಜಾರ್ಜುವಿನದು. ಕೆಮ್ಮುತ್ತಲೇ ನಗುವ, ನಗುತ್ತಲೇ ಬೈಯುವ ಹೆಂಗಸು. ಹೆತ್ತ ನಾಲ್ಕು ಮಕ್ಕಳಲ್ಲಿ ಒಂದೂ ಅವಳ ಕೈಗೆ ಉಳಿಯಲಿಲ್ಲ.

ಅಂಥ ಹೆಂಗಸರಿಗೆಂದೇ ನಮ್ಮ ಗ್ಯಾಂಬಿಯಾದಲ್ಲಿ ಕಾನ್ಯೆಲೆಂಗ್ ಎಂಬ ಕೂಟವಿದೆ. ಸಾವು ತಮ್ಮ ಮನೆಯ ಗುರುತು ಮರೆಯಲಿ ಎಂದು ಅವರು ಹೆಸರು ಬದಲಿಸಿಕೊಳ್ಳುತ್ತಾರೆ, ಗಂಡಸರ ಷರಾಯಿ ತೊಡುತ್ತಾರೆ, ಪ್ಲಾಸ್ಟಿಕ್ ಕ್ಯಾನು ಬಡಿದು ಕುಣಿಯುತ್ತಾರೆ. ಯಾರ ಮನೆಯ ನಾಮಕರಣಕ್ಕೂ ಕರೆಯದೆ ನುಗ್ಗಬಹುದು, ಯಾರ ಮುಖಕ್ಕಾದರೂ ಏನು ಬೇಕಾದರೂ ಅನ್ನಬಹುದು; ಯಾರೂ ಮುನಿಯುವಂತಿಲ್ಲ. ಕೂಟದವರು ಸಿರ್ರೆಗೆ ಇಟ್ಟ ಹೆಸರು ಹಳೇಬುಟ್ಟಿ.

ಸ್ಥಳೀಯ ಚುನಾವಣೆ ಹತ್ತಿರ ಬಂದಿತ್ತು. ನಮ್ಮ ವಾರ್ಡಿನ ಸದಸ್ಯ ಪಾ ಮಾಲಿಕ್ ಫಾಯ್ ಊರ ನಡುವಿನ ದೊಡ್ಡ ಮರದಡಿ ಸಭೆ ಕರೆದ. ಒಲೆಗಳನ್ನು ಕೀಳಿಸಿ ದಂಡೆಯನ್ನು ಮೀನುಹಿಟ್ಟಿನ ಕಾರ್ಖಾನೆಗೆ ಕೊಡುವುದೆಂದು ಅವನು ಹೇಳುತ್ತಿದ್ದರೆ ಹಿರಿಯರು ತಲೆಯಾಡಿಸುತ್ತ ಕುಳಿತಿದ್ದರು. ಸಿರ್ರೆ ಎದ್ದಳು.

"ಮೆಂಬರೇ, ಇರೋ ಮೀನೆಲ್ಲ ಹಿಟ್ಟಾಗಿ ಹಡಗು ಹತ್ತಿದ್ರೆ ನಮ್ಮ ಸಾರಿಗೆ ಏನು ಹಾಕೋದು? ನಿಮ್ಮ ಭಾಷಣಾನಾ?"

ಜನ ಗೊಳ್ಳೆಂದರು. ಪಾ ಮಾಲಿಕ್‌ಗೆ ರೇಗಿತು. "ಕೂತ್ಕೊಳ್ಳೇ ಹಳೇಬುಟ್ಟಿ! ಒಂದು ಮಗೂನ ಉಳಿಸ್ಕೊಳ್ಳೋಕಾಗ್ದೋಳು ಊರು ಉಳಿಸೋಕೆ ಬಂದ್ಲು!"

ನಗು ಅಲ್ಲೇ ಸತ್ತಿತು. ಕಾನ್ಯೆಲೆಂಗ್ ಹೆಂಗಸನ್ನು ಎಷ್ಟು ಬೇಕಾದರೂ ಗೇಲಿ ಮಾಡಬಹುದು, ಆ ಒಂದು ಗಾಯವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ನಾನು ಸಿರ್ರೆಯ ಬಟ್ಟೆಯಂಚು ಹಿಡಿದು ಜಗ್ಗಿದೆ. ಅವಳು ಬಿಡಿಸಿಕೊಂಡಳು.

"ನಿಜ, ಉಳಿಸ್ಕೊಳ್ಳೋಕಾಗ್ಲಿಲ್ಲ," ಎಂದಳು, ದನಿ ಏರಿಸದೆ. "ಕೊನೇದು ಹುಟ್ಟೋವಾಗ ಕತ್ತೆಗಾಡೀಲಿ ಆಸ್ಪತ್ರೆಗೆ ಹೊರಟಿದ್ವಿ. ಡಾಂಬರು ರಸ್ತೆ ಮುಟ್ಟೋ ಮೊದಲೇ ಗಾಡಿ ಕೆಸರಲ್ಲಿ ಹೂತ್ಕೊಂಡ್ತು. ಆ ದಾರಿ ಮಾಡಿಸ್ಕೊಡಿ ಅಂತ ಅದರ ಹಿಂದಿನ ವರ್ಷಾನೇ ನಿಮ್ಮನೆ ಬಾಗಿಲಿಗೆ ಬಂದಿದ್ದೆ. ನಿಮ್ಮ ಹೆಂಡ್ತಿ ಕುಡಿಯೋಕೆ ನೀರು ಕೊಟ್ರು. ನೀವು ಆಚೆಗೇ ಬರ್ಲಿಲ್ಲ. ಆಗ್ಲೂ ನೀವೇ ಮೆಂಬರು."

ಅವಳು ಸುತ್ತಲೂ ಒಮ್ಮೆ ನೋಡಿದಳು. "ಈ ಸಲ ನಾನು ನಿಲ್ತೀನಿ."

ಅವಳ ಗಂಡ ಅನ್ಸುಮಾನಾ ಬಲೆಯ ಕೆಲಸ ಬಿಟ್ಟರೆ ಬೇರೆ ಉಸಾಬರಿಗೆ ಹೋದವನಲ್ಲ. ಮನೆಗೆ ಬಂದವನೇ ತಲೆ ಮೇಲೆ ಕೈಹೊತ್ತು ಕುಳಿತ. "ಊರೆಲ್ಲ ನಗ್ತಾ ಇದೆ ಕಣೇ."

"ನಗ್ಲಿ ಬಿಡು. ನಗೋರು ಬಾಗಿಲಾದ್ರೂ ತೆಗೀತಾರೆ."

ಹಾಗೇ ಆಯಿತು. ಯಾವ ಪಕ್ಷವೂ ಇಲ್ಲದೆ, ಮೈಕೂ ಇಲ್ಲದೆ, ಕೂಟದ ಹೆಂಗಸರು ಕ್ಯಾನು ಬಡಿಯುತ್ತ ವಾರ್ಡಿನ ಊರೂರಿಗೆ ಹೋದರು. ಪಾ ಮಾಲಿಕ್ ಕಡೆಯವರು ಅಕ್ಕಿಯ ಚೀಲ, ಅವನ ಮುಖ ಅಚ್ಚಾದ ಬನಿಯನ್ನು ಹಂಚಿದರು. ನಮ್ಮವರು ಎರಡನ್ನೂ ಸಂತೋಷದಿಂದ ತೆಗೆದುಕೊಂಡರು. ಬನಿಯನ್ನಿನ ತೋಳೊಳಗೆ ಕಾಲು ತೂರಿಸಿ ಷರಾಯಿಯಂತೆ ತೊಟ್ಟು, ಹಿಂಭಾಗಕ್ಕೆ ಅವನ ಮುಖ ಬರುವಂತೆ ಕುಣಿದರು.

"ಅಂಗಿ ಕೊಟ್ಟ, ಅಕ್ಕಿ ಕೊಟ್ಟ, ದಾರಿ ಎಲ್ಲಿ ಕೊಟ್ಟ?"

ಮೊದಲು ಮಕ್ಕಳು ಕಲಿತರು. ಆಮೇಲೆ ದೋಣಿ ಎಳೆಯುವ ಗಂಡಸರು ಅದೇ ತಾಳಕ್ಕೆ ಹಗ್ಗ ಜಗ್ಗತೊಡಗಿದರು. ನಗುವಿನ ಹಿಂದಿಂದ ಸಿರ್ರೆ ಮೆಲ್ಲಗೆ ಒಳಗೆ ಬರುವಳು. ಅಂಗಳದಲ್ಲಿ ಕುಳಿತು ಚಹಾ ಕುಡಿಯುತ್ತ, ಈ ಮನೆಯಲ್ಲಿ ಯಾರು ಹೆರಿಗೆಗೆ ಹೋದರು, ಯಾರು ಹಿಂದಿರುಗಲಿಲ್ಲ ಎಂದು ಕೇಳುವಳು. ಒಬ್ಬ ಮುದುಕ ಮೊಮ್ಮಗಳ ಹೆಸರು ಹೇಳಲಾರದೆ ಮುಖ ಮುಚ್ಚಿಕೊಂಡ. ಅಲ್ಲಿ ಅವಳು ಮತ ಕೇಳಲೇ ಇಲ್ಲ.

ಮತದಾನದ ದಿನ ಸಾಲು ಶಾಲೆಯ ಗೇಟು ದಾಟಿ ಮಾವಿನ ಮರದವರೆಗೆ ಬೆಳೆದಿತ್ತು. ನಮ್ಮಲ್ಲಿ ಓಟೆಂದರೆ ಒಂದು ಗಾಜಿನ ಗೋಲಿ. ಮರೆಯಲ್ಲಿ ಅಭ್ಯರ್ಥಿಗಳ ಬಣ್ಣದ ಪೀಪಾಯಿಗಳಿರುತ್ತವೆ, ಬೇಕಾದವರ ಪೀಪಾಯಿಗೆ ಬಿಟ್ಟರೆ ಒಳಗೆ ಗಂಟೆ ಟಿಣ್ ಎನ್ನುತ್ತದೆ. ಅನ್ಸುಮಾನಾ ಹೊಸ ಟೋಪಿ ಹಾಕಿಕೊಂಡು ನನ್ನ ಮುಂದೆ ನಿಂತಿದ್ದ. ಹೊರಬಂದವನನ್ನು ನಾನು ಕೆಣಕಿದೆ, "ಯಾರಿಗೆ ಬಿಟ್ಯೋ ಅಣ್ಣ?"

"ಹೇಳ್ಬಾರ್ದಂತೆ," ಎಂದ. ಮುಖವೇ ಎಲ್ಲ ಹೇಳುತ್ತಿತ್ತು.

ಸಂಜೆ ಎಲ್ಲರೆದುರೇ ಎಣಿಕೆ ನಡೆಯಿತು. ಅಧಿಕಾರಿಗಳು ಗೋಲಿಗಳನ್ನು ಕುಳಿಯಿರುವ ಹಲಗೆಗಳ ಮೇಲೆ ಸುರಿದು ಕೈಯಾಡಿಸುವರು. ಕುಳಿಗಳೆಲ್ಲ ತುಂಬಿದರೆ ಒಂದು ಹಲಗೆ, ಒಂದು ಹಲಗೆಗೆ ಇಷ್ಟು ಮತವೆಂದು ಲೆಕ್ಕ. ಪಾ ಮಾಲಿಕ್‌ನ ಗೋಲಿಗಳು ಬೇಗ ಮುಗಿದವು. ಸಿರ್ರೆಯ ಹಲಗೆ ಒಂದು ತುಂಬಿತು, ಇನ್ನೊಂದು ತುಂಬಿತು, ಪೀಪಾಯಿಯಲ್ಲಿ ಇನ್ನೂ ಇತ್ತು. ಅವನ ಏಜೆಂಟ್ ಮತ್ತೆ ಎಣಿಸಿ ಎಂದ. ಮತ್ತೆ ಎಣಿಸಿದರು. ಬೇರೆ ಮತಗಟ್ಟೆಗಳಿಂದಲೂ ಅದೇ ಸುದ್ದಿ ಬಂತು. ಕಿಟಕಿಗೆ ಜೋತುಬಿದ್ದಿದ್ದ ಹೆಂಗಸರು ಹಾಕಿದ ಕೂಗಿಗೆ ಮರದ ಕಾಗೆಗಳೆಲ್ಲ ಎದ್ದವು. ಅನ್ಸುಮಾನಾ ಟೋಪಿಯನ್ನು ಗಾಳಿಗೆ ಎಸೆದ. ಅದು ಮತ್ತೆ ಸಿಗಲೇ ಇಲ್ಲ.

ಕುಣಿತದ ನಡುವೆ ಪಾ ಮಾಲಿಕ್ ಬಂದ. ದಾರಿ ಬಿಟ್ಟೆವು.

"ಸಿರ್ರೆ, ಅವತ್ತು ಆ ಮಾತು ನಾನು ಆಡ್ಬಾರ್ದಿತ್ತು."

"ಆಡ್ಬಾರ್ದಿತ್ತು. ನಾನು ಮರೆಯೋದೂ ಇಲ್ಲ." ಅವಳು ಅವನ ಕೈ ಹಿಡಿದಳು, ಬಿಡಲಿಲ್ಲ. "ಆದ್ರೆ ನಿಮ್ಮ ಟ್ರ್ಯಾಕ್ಟರ್ ಇದೆಯಲ್ಲ, ಮಣ್ಣು ಹೊಡೆಯೋಕೆ ಅದು ಬೇಕು. ಯಾವತ್ತು ಕಳಿಸ್ತೀರಿ?"

ಅವನಿಗೂ ನಗು ತಡೆಯಲಾಗಲಿಲ್ಲ. ಟ್ರ್ಯಾಕ್ಟರ್ ಬಂತು. ಊರಿನವರೇ ಗುದ್ದಲಿ ಹಿಡಿದರು, ಕೌನ್ಸಿಲ್‌ನಲ್ಲಿ ಕಾಡಿ ಬೇಡಿ ಸಿರ್ರೆ ಕೆಂಪು ಜಲ್ಲಿ ತರಿಸಿದಳು, ಮಳೆಗೆ ಮೊದಲೇ ದಾರಿ ಗಟ್ಟಿಯಾಯಿತು. ಕಾರ್ಖಾನೆಯ ಪ್ರಸ್ತಾಪ ಬಿದ್ದುಹೋಯಿತು.

ಈಗ ಅವಳು ಬೆಳಿಗ್ಗೆ ಒಲೆಯ ಮುಂದೆ, ಆಮೇಲೆ ಕೌನ್ಸಿಲ್‌ನಲ್ಲಿ. ಮೊನ್ನೆ ಪಕ್ಕದ ವಾರ್ಡಿನಿಂದ ಹೆಂಗಸರು ಹಿಂಡಾಗಿ ಬಂದು, ಮುಂದಿನ ಸಲ ತಮ್ಮಲ್ಲೂ ಒಬ್ಬಳು ನಿಲ್ಲಬೇಕೆಂದಿದ್ದಾಳೆ, ಎಲ್ಲಿಂದ ಶುರುಮಾಡುವುದು ಎಂದು ಕೇಳಿದರು. ಸಿರ್ರೆ ದೊಡ್ಡ ಬೋಗುಣಿಯಲ್ಲಿ ಅನ್ನ ಹಾಕಿ, ಮೇಲೆ ಕಡಲೆಕಾಯಿಯ ಸಾರು ಸುರಿದು ನಡುವೆ ಇಟ್ಟಳು.

"ಮೊದ್ಲು ಕೈ ತೊಳ್ಕೊಳ್ಳಿ," ಎಂದಳು. "ನಿಲ್ಲೋಳು ಯಾರು? ಅವಳು ನನ್ ಪಕ್ಕ ಬರ್ಲಿ."