ತೋಪೋ, ಅಡುಗೆಯವನೋ

ಸಮುದ್ರವನ್ನು ನಾನು ಕಂಡವನಲ್ಲ. ಆದರೂ ಸವದತ್ತಿಯ ನಮ್ಮ ಮನೆಯ ಮಹಡಿಯಲ್ಲಿ, ಭಾನುವಾರ ಊಟ ಮುಗಿಸಿ ನೀಲಿ ಚಾದರ ಹಾಸಿದ ಮೇಜಿನ ಮುಂದೆ ಕುಳಿತರೆ ಕಣ್ಣು ಎಳೆಯುತ್ತಿತ್ತು, ಮೇಜು ಮೆಲ್ಲಗೆ ತೇಲಲು ಹತ್ತುತ್ತಿತ್ತು. ಚಾದರದ ಮೇಲೆ ಹೆಬ್ಬೆರಳಿನಷ್ಟು ಒಂದು ಹಡಗು. ಎದುರಿಗೆ, ಸವದತ್ತಿ–ಮುನವಳ್ಳಿ ನಡುವೆ ಟೆಂಪೊ ಓಡಿಸುವ ನನ್ನ ಗೆಳೆಯರೊಬ್ಬರು. ನಾನು ಮುನವಳ್ಳಿಯ ಶಾಲೆಯಲ್ಲಿ ಮಾಸ್ತರ. ದಿನಾ ಅವರ ಪಕ್ಕದ ಸೀಟಿನಲ್ಲಿ ಕುಳಿತೂ ಕುಳಿತೂ ಬೆಳೆದ ಸ್ನೇಹ. ನಾನು ಅವರಿಗೆ ‘ಸಾಹೇಬ್ರ’ ಅನ್ನುತ್ತಿದ್ದೆ.

ಆಟದ ಡಬ್ಬಿಯನ್ನು ಬೆಳಗಾವಿಯಿಂದ ನಾನೇ ತಂದಿದ್ದೆ. ಹಡಗು ನೀರಿಗಿಳಿಯುವ ಮುಂಚೆ ಅದಕ್ಕೆ ಬೇಕಾದ ಕಾರ್ಡುಗಳನ್ನು ಆರಿಸಬೇಕು: ತೋಪು, ದಪ್ಪ ಹಾಯಿ, ದುರ್ಬೀನಿನವನು, ಬಡಗಿ, ಅಡುಗೆಯವನು. ಒಂದೊಂದಕ್ಕೂ ಇಷ್ಟಿಷ್ಟು ಅಂಕ, ಹಡಗಿಗೊಂದು ಮಿತಿ. ಎಲ್ಲ ಕಾರ್ಡೂ ಅದರಲ್ಲಿ ಹಿಡಿಸುವುದಿಲ್ಲ. ಆಮೇಲೆ ಎದುರಾಳಿಯ ಹಡಗಿನೊಡನೆ ಯುದ್ಧ. ಮನೆಗೆ ಬಂದವರ ಮೇಲೆ ತೋಪು ಹಾರಿಸಲು ನನಗೆ ಸಂಕೋಚ, ಚಹಾ ಕುಡಿದ ಮನೆಯ ಹಡಗು ಮುಳುಗಿಸಲು ಅವರಿಗೆ ಸಂಕೋಚ. ಹೀಗಾಗಿ ಇಬ್ಬರೂ ಸೇರಿ ಒಂದೇ ಹಡಗನ್ನು ಸಜ್ಜುಗೊಳಿಸುತ್ತ ಕುಳಿತೆವು. ಅದು ಇಂದಿಗೂ ಸಜ್ಜಾಗಿಲ್ಲ.

“ತೋಪಿನ ಮ್ಯಾಲ ತೋಪ ಹೇರಿದ್ರ ಹಡಗ ಹೊಂಡೂದಿಲ್ರಿ ಮಾಸ್ತರ. ಅಡಗಿಯಾಂವನ್ನ ಹಾಕ್ರಿ,” ಎನ್ನುತ್ತಿದ್ದರು.

“ವೈರಿ ಬಂದ್ರ ನಿಮ್ಮ ಅಡಗಿಯಾಂವ ಸೌಟ ತಗೊಂಡು ಹೊಡೀತಾನೇನು?”

“ವೈರಿಗೂ ಉಣ್ಣಾಕ ನೀಡ್ತಾನ. ಉಂಡ ಮನಿಗೆ ಎರಡ ಬಗಿಯೂದು ಸಸಾರ ಅಲ್ಲರಿ.”

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಾರ್ಡು ಎತ್ತಿ ಒಗೆಯುತ್ತಿದ್ದೆ. ಅವರು ನಿಧಾನವಾಗಿ ಎತ್ತಿ ಮತ್ತೆ ಅಲ್ಲೇ ಇಡುತ್ತಿದ್ದರು. ಅವರ ಮಾತು ಕೇಳುತ್ತ ಕೇಳುತ್ತ ನನಗೆ ಒಂದು ಥರದ ಜೊಂಪು. ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಹಡಗು ಹೋಗುತ್ತಿದೆ, ದಡದ ಜೋಳದ ಹೊಲದವರು ಕೆಲಸ ಬಿಟ್ಟು ನೋಡುತ್ತಿದ್ದಾರೆ, ಹಡಗಿನೊಳಗಿಂದ ಒಗ್ಗರಣೆಯ ವಾಸನೆ ಬರುತ್ತಿದೆ. ಯುದ್ಧ ಯಾರಿಗೆ ಬೇಕಾಗಿತ್ತು?

ಹೋದ ಬೇಸಿಗೆಯಲ್ಲಿ ಅವರ ದನಿ ಒಡೆಯತೊಡಗಿತು. ರಸ್ತೆಯ ಧೂಳು ಅಂದುಕೊಂಡೆವು. ಹುಬ್ಬಳ್ಳಿಯ ಡಾಕ್ಟರು ಗಂಟಲಲ್ಲಿ ಗಡ್ಡೆಯಿದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ.

ಆಪರೇಶನ್ನಿನ ಹಿಂದಿನ ಭಾನುವಾರವೂ ಅವರು ಬಂದರು. ಅಡುಗೆಯವನನ್ನು ಇಟ್ಟರು, ನಾನು ಹೂಂ ಅಂದೆ. ಬಡಗಿಯನ್ನು ಇಟ್ಟರು, ಹೂಂ ಅಂದೆ. ತೋಪುಗಳನ್ನೆಲ್ಲ ತೆಗೆದರು, ಅದಕ್ಕೂ ಹೂಂ ಅಂದೆ. ಅವರು ಕೈಯಲ್ಲಿದ್ದ ಕಾರ್ಡುಗಳನ್ನು ಕೆಳಗಿಟ್ಟರು.

“ಏನಾಗೇತ್ರಿ ನಿಮಗ? ಎಲ್ಲಾದಕ್ಕೂ ಹೂಂ ಅನ್ನಾಕತ್ತೀರಿ.”

“ನಿಮಗ ಭಾಳ ಮಾತಾಡಬ್ಯಾಡ ಅಂದಾರಲ್ರಿ.”

“ನಾಳೆ ಹೋಗೂ ದನಿ ಇದು. ಉಳಿಸಿಟ್ಟು ಯಾರಿಗೆ ಕೊಡ್ಲಿ? ಜಗಳಾ ತಗೀರಿ ಮಾಸ್ತರ.”

ನನಗೆ ದುಃಖ ಉಕ್ಕಿ ಬಂತು. ಆದರೂ ತೋಪು ಎತ್ತಿ ಹಡಗಿನ ಪಕ್ಕ ಕುಕ್ಕಿದೆ, ನಿಮ್ಮ ಅಡುಗೆಯವನು ಹಾಳಾಗಿ ಹೋಗಲಿ ಅಂದೆ. ಅವರ ಮುಖ ಅರಳಿತು. ಅವತ್ತು ಅವರು ಆ ಒಡೆದ ದನಿಯಲ್ಲೇ ಬೈದರು, ನಕ್ಕರು, ಘಾಟಿನಲ್ಲಿ ಬ್ರೇಕು ಫೇಲಾದ ಹಳೆಯ ಕತೆ ಹೇಳಿದರು, ಮತ್ತೆ ಬೈದರು. ಕಿಟಕಿಯ ಬಿಸಿಲು ಚಾದರದ ಮೇಲಿಂದ ಜಾರಿ ಗೋಡೆ ಹತ್ತಿತು. ಆ ಮಧ್ಯಾಹ್ನ ಮುಗಿಯದಿರಲಿ ಎಂದು ನಾನು ದೇವರನ್ನು ಬೇಡಿಕೊಂಡೆ.

ಮಳೆಗಾಲ ಶುರುವಾದ ಮೇಲೆ ಅವರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ನಾನು ಕಾರ್ಡು ಹರಡಿದೆ, ತೋಪು ಇಟ್ಟೆ. ಅವರು ಅದನ್ನು ತೆಗೆದು ದುರ್ಬೀನಿನವನನ್ನು ಇಟ್ಟರು. ನಾನು ಮತ್ತೆ ತೋಪು ಇಟ್ಟೆ. ಮತ್ತೆ ತೆಗೆದರು. ಮೂರನೆಯ ಸಲ ನಾನು ಕೈ ಚಾಚಿದಾಗ ಅಂಗೈಯಿಂದ ಮೇಜು ಬಡಿದರು. ಹಡಗು ಅಡ್ಡಬಿತ್ತು.

“ಎಷ್ಟ ಹಟಾರಿ ನಿಮ್ಮದು!” ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ.

ಹೆಂಡತಿ ಗಾಬರಿಯಾಗಿ ಮೇಲೆ ಓಡಿ ಬಂದಳು. “ಜಡ್ಡಾದ ಮನಶ್ಯಾನ ಕೂಡ ಜಗಳಾ ಆಡಾಕತ್ತೀರೇನು?”

“ಹೂಂ,” ಅಂದೆ. “ಅವರ ಗೆಲ್ಲಾಕತ್ತಾರ.”