ಮಜ್ರಾದಲ್ಲಿ ಕೆಡ್ಡಸದ ಬೇಟೆ

ನನ್ನ ಗುರಿಯ ಬಗ್ಗೆ ನನ್ನ ಹೆಂಡತಿಗೆ ಒಂದು ಖಚಿತ ಅಭಿಪ್ರಾಯವಿದೆ. “ಇವ್ರು ಏರ್‌ಗನ್ ಹಿಡಿದ್ರೆ ಹಕ್ಕಿಗಳಿಗೆ ಎಂತ ಹೆದರಿಕೆಯೂ ಇಲ್ಲ. ಹತ್ರ ನಿಂತವರು ಮಾತ್ರ ಸ್ವಲ್ಪ ಜಾಗ್ರತೆ ಮಾಡ್ಬೇಕು” ಎಂದು ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದ ನೆಂಟರಿಗೆಲ್ಲ ಚಾ ಕೊಡುವ ಮೊದಲೇ ಹೇಳಿರುತ್ತಾಳೆ. ನಾನಾದರೋ ಬೇಟೆಗಾರರ ಮನೆಯವನು. ನನ್ನ ಅಜ್ಜನ ಕೋವಿಯ ಸದ್ದು ಕೇಳಿದರೆ ಮೂರು ಗುಡ್ಡದಾಚೆಯ ಹಂದಿಗಳು ಮಕ್ಕಳು ಮರಿ ಕಟ್ಟಿಕೊಂಡು ಊರು ಬಿಡುತ್ತಿದ್ದವಂತೆ. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಹಂದಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿರುವುದನ್ನು ಅವಳು ಎಲ್ಲರೆದುರು ಎತ್ತಿ ತೋರಿಸುತ್ತಾಳೆ.

ನಾನು ಕೆಲಸ ಮಾಡುವ ಕಂಪೆನಿಯ ಮಾಲೀಕರನ್ನು ನಾವೆಲ್ಲ ಅರಬಾಬ್ ಎಂದು ಕರೆಯುತ್ತೇವೆ. ದೋಹಾದಿಂದ ಉತ್ತರಕ್ಕೆ ಅವರದ್ದೊಂದು ಮಜ್ರಾ, ಅಂದರೆ ತೋಟ, ಇದೆ. ಖರ್ಜೂರದ ಮರಗಳು, ಟೊಮೆಟೊ ಮಡಿಗಳು, ಕುರಿಗಳಿಗೆ ಹಸಿರು ಮೇವು, ಸುತ್ತ ಸಿಮೆಂಟಿನ ಗೋಡೆ, ಗೋಡೆಯಾಚೆ ಬರಿ ಮರಳು. ಸಂಜೆ ಹೊತ್ತಿಗೆ ದೂರದಲ್ಲಿ ರಾಸ್ ಲಫಾನಿನ ಗ್ಯಾಸ್ ಸ್ಥಾವರದ ಉರಿ ಕಾಣಿಸುತ್ತದೆ. ಚಳಿಗಾಲದ ರಜಾದಿನಗಳಲ್ಲಿ ಆಫೀಸಿನವರು ಹೆಂಡತಿ ಮಕ್ಕಳೊಂದಿಗೆ ಬಂದು ಹೋಗಬಹುದು ಎಂದು ಅರಬಾಬ್ ಬಾಗಿಲು ತೆರೆದಿಟ್ಟಿದ್ದರು. ಮೊದಲು ಬಹಳ ಜನ ಬರುತ್ತಿದ್ದರು. ಕೊನೆಗೆ ಪ್ರತಿ ಶುಕ್ರವಾರ ತಪ್ಪದೆ ಬರುವವರಾಗಿ ಉಳಿದವರು ನಾವಿಬ್ಬರೇ.

ನಾನು ಹೋಗುತ್ತಿದ್ದದ್ದು ಏರ್‌ಗನ್ನಿಗಾಗಿ. ಅದರ ಕಾಗದಪತ್ರವೆಲ್ಲ ಅರಬಾಬರ ಹೆಸರಿನಲ್ಲಿ. ಬಂದೂಕು ಮಜ್ರಾದ ಗೋಡೆ ದಾಟುವಂತಿಲ್ಲ, ಅವರು ಎದುರಿಗಿಲ್ಲದೆ ಯಾರೂ ಮುಟ್ಟುವಂತಿಲ್ಲ. ಟೊಮೆಟೊವನ್ನು ಕುಕ್ಕಿ ಕುಕ್ಕಿ ಹಾಳು ಮಾಡುವ ಮೈನಾಗಳನ್ನು ಅವರು ಬೆರಳು ಮಾಡಿ ತೋರಿಸುವರು. ನಾನು ನಳಿಗೆಯನ್ನು ಬಗ್ಗಿಸಿ, ಸೀಸದ ಪುಟ್ಟ ಗುಂಡನ್ನು ಕೂರಿಸಿ, ಅಜ್ಜನನ್ನು ನೆನೆದು, ಒಂದು ಕಣ್ಣು ಮುಚ್ಚಿ ಹೊಡೆಯುವೆ. ನೀರಿನ ಟ್ಯಾಂಕು ಠಣ್ ಎನ್ನುವುದು. ಮೈನಾ ಪಕ್ಕದ ಮಡಿಗೆ ಹೋಗಿ ಅಲ್ಲಿಯ ಟೊಮೆಟೊ ನೋಡುವುದು. ಬಂದೂಕಿನ ನಳಿಗೆಯೇ ಸರಿ ಇಲ್ಲ ಎಂದರೆ ಹೆಂಡತಿ, “ಹೌದು, ಕುಣಿಯಲಾರದವಳಿಗೆ ನೆಲ ಡೊಂಕು” ಎನ್ನುವಳು. ಆದರೂ ಆ ಶುಕ್ರವಾರಗಳಷ್ಟು ಸಂತೋಷದ ದಿನಗಳು ನನಗೆ ಇಲ್ಲಿ ಬೇರೆ ಇಲ್ಲ.

ಅವಳು ಬರುತ್ತಿದ್ದದ್ದು ಕೋಳಿಗಳಿಗಾಗಿ. ಮದುವೆಯಾಗಿ ಕತಾರಿಗೆ ಬಂದ ಹೊಸದರಲ್ಲಿ ಅವಳು ಫ್ಲ್ಯಾಟಿನ ಕಿಟಕಿಯ ಹತ್ತಿರ ಸುಮ್ಮನೆ ನಿಂತಿರುತ್ತಿದ್ದಳು. ಏನಾಯಿತೆಂದು ಕೇಳಿದರೆ, “ಬೆಳಿಗ್ಗೆ ಒಂದು ಹುಂಜವೂ ಕೂಗುವುದಿಲ್ಲ ಅಲ್ವಾ ಇಲ್ಲಿ” ಎಂದಿದ್ದಳು. ಮಜ್ರಾವನ್ನು ನೋಡಿಕೊಳ್ಳುವವರು ಬಂಟ್ವಾಳದ ಕಡೆಯ ಬ್ಯಾರಿ, ಮೀಸೆ ಮೂಡುವ ಮೊದಲೇ ಇಲ್ಲಿಗೆ ಬಂದವರು, ನಮಗೆಲ್ಲ ಕಾಕ. ಅವರು ಇದನ್ನು ಕೇಳಿ ಎಲ್ಲಿಂದಲೋ ನಾಲ್ಕಾರು ಮೊಟ್ಟೆ ತಂದು, ಕಾವಿಗೆ ಕೂತ ಹೇಂಟೆಯ ಅಡಿಯಲ್ಲಿಟ್ಟು, “ಅಕ್ಕ, ಇದು ನಿಮ್ದು” ಎಂದರು. ಆ ಮೊಟ್ಟೆಗಳಿಂದ ಬಂದ ಸಂಸಾರ ಅದು. ಅದರಲ್ಲೊಂದು ಕೆಂಪು ಹುಂಜ. ಊರಿನಲ್ಲಿದ್ದರೆ ಕೋಳಿ ಅಂಕದಲ್ಲಿ ಹೆಸರು ಮಾಡುವಂಥ ಎದೆ, ಕಾಲು, ಸೊಕ್ಕು. ಹೆಂಡತಿ ಅದಕ್ಕೆ ನೆನೆಸಿದ ಕುಚ್ಚಲಕ್ಕಿ ತಂದು ಕೈಯಲ್ಲೇ ತಿನ್ನಿಸುತ್ತಿದ್ದಳು. ನನಗೂ ಅಷ್ಟು ಉಪಚಾರ ಇರಲಿಲ್ಲ ಎಂದು ನಾನು ಹೇಳಿದರೆ, “ನೀವು ಕೂಗಿ ನನ್ನನ್ನು ಎಬ್ಬಿಸ್ತೀರಾ?” ಎನ್ನುತ್ತಿದ್ದಳು.

ಐದಾರು ವರ್ಷದ ಹಿಂದಿನ ಫೆಬ್ರವರಿ. ಒಂದು ಶುಕ್ರವಾರ ನಾವು ಹೋದಾಗ ಕಾಕ ಗೇಟಿನಲ್ಲೇ ತಲೆ ತಗ್ಗಿಸಿ ನಿಂತಿದ್ದರು. ಒಂದು ವಾರದಲ್ಲಿ ಮೂರು ಎಳೆ ಹೇಂಟೆಗಳು ಹೋಗಿದ್ದವು. ಉಳಿದದ್ದು ಒಂದಷ್ಟು ಪುಕ್ಕ ಮಾತ್ರ. ಗೋಡೆಯ ಬುಡದಲ್ಲಿ ಒಂದು ಬಿಲ ತೋರಿಸಿ, “ನರಿಯೇ ಇದು. ಅಗೆದು ಮುಚ್ಚಿಬಿಡ್ತೇನೆ” ಎಂದು ಅವರು ಹಾರೆ ಎತ್ತಿದರು. ಕಣ್ಣು ಒರೆಸಿಕೊಳ್ಳುತ್ತಿದ್ದ ಹೆಂಡತಿ ತಟ್ಟನೆ ಕೈ ಅಡ್ಡ ಹಿಡಿದಳು.

“ಕಾಕ, ಇವತ್ತು ಕೆಡ್ಡಸ ಶುರು!”

ಕಾಕ ಹಾರೆಯನ್ನು ಕೆಂಡ ಮುಟ್ಟಿದವರ ಹಾಗೆ ಕೆಳಗಿಟ್ಟರು. ತುಳುನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಭೂಮಿತಾಯಿ ಮುಟ್ಟಾಗುವ ಮೂರು ದಿನ ಅದು. ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಗಿಡ ಕೀಳುವಂತಿಲ್ಲ. ಕೊನೆಯ ದಿನ ಹೆಂಗಸರು ನೆಲಕ್ಕೆ ಎಣ್ಣೆ ಬಿಟ್ಟು ಅವಳನ್ನು ಮೀಯಿಸುತ್ತಾರೆ. ಗೇಣಿ ಗದ್ದೆ ಮಾಡುತ್ತಿದ್ದ ಕಾಕನ ಅಪ್ಪನೂ ಆ ದಿನಗಳಲ್ಲಿ ನೇಗಿಲು ಮುಟ್ಟುತ್ತಿರಲಿಲ್ಲವಂತೆ.

ಅಷ್ಟರಲ್ಲಿ ಅರಬಾಬ್ ಬಂದರು. ಬಿಲವನ್ನು ಯಾಕೆ ಮುಚ್ಚಿಲ್ಲ ಎಂದು ಕೇಳಿದರು. ನನ್ನವಳು ತನ್ನ ಹರಕು ಹಿಂದಿಯಲ್ಲಿ, “ಜಮೀನ್ ಮಾ ಹೈ. ಮಾ ಕಾ ಛುಟ್ಟಿ. ತೀನ್ ದಿನ್” ಎಂದು ಮೂರು ಬೆರಳು ತೋರಿಸಿದಳು. ಕತಾರಿನ ಮರಳಿಗೂ ರಜೆಯೇ ಎಂದು ಅವರು ನಕ್ಕರು. “ತಾಯಿ ಒಬ್ಬಳೇ ಅಲ್ವಾ, ಊರು ಬೇರೆ ಆದ್ರೆ ಎಂತ?” ಎಂದು ಅವಳು ಕನ್ನಡದಲ್ಲೇ ಹೇಳಿದಳು. ನಾನು ಅನುವಾದಿಸಿದೆ. ಅವರ ನಗು ಅಲ್ಲಿಗೇ ನಿಂತಿತು. ಮನೆಯಲ್ಲಿ ಅವರ ತಂದೆಯೂ ಆಗ ಸಂಕಟದಲ್ಲಿದ್ದರು. ಮುದುಕರ ಬೇಟೆಯ ಗಿಡುಗ ಹಿಂದಿನ ವಾರ ಮರುಭೂಮಿಯಲ್ಲಿ ಹಾರಿಸಿದಾಗ ಹೋದದ್ದು ಹಿಂದಿರುಗಿ ಬಂದಿರಲಿಲ್ಲ. ಅದಕ್ಕೆ ಕಟ್ಟಿದ್ದ ಯಂತ್ರದ ಸಿಗ್ನಲ್ಲೂ ಸತ್ತಿತ್ತು. ಆಫೀಸಿನಲ್ಲಿ ನಾವೆಲ್ಲ ಗೊತ್ತಿದ್ದ ಮಜ್ರಾಗಳಿಗೆ ಫೋನ್ ಮಾಡಿ ಮಾಡಿ ಸೋತಿದ್ದೆವು. ಮುದುಕರು ಖಾಲಿ ಗೂಟದ ಮುಂದೆ ಕುಳಿತು ಊಟ ತಿಂಡಿ ಬೇಡ ಎನ್ನುತ್ತಿದ್ದರಂತೆ. “ಖಲಾಸ್, ಮೂರು ದಿನ ಯಾರೂ ಅಗೆಯಬೇಡಿ” ಎಂದು ಅರಬಾಬ್ ಹೇಳಿಬಿಟ್ಟರು.

ಅಗೆಯುವಂತಿಲ್ಲ, ಸರಿ. ಆದರೆ ಕೆಡ್ಡಸಕ್ಕೆ ಬೇಟೆ ಇದೆ. ನಮ್ಮ ಊರಿನಲ್ಲಿ ಗಂಡಸರೆಲ್ಲ ಕಾಡು ಹತ್ತುತ್ತಿದ್ದದ್ದೇ ಆ ದಿನಗಳಲ್ಲಿ. ಸಿಕ್ಕಿದ್ದನ್ನು ಹಂಚುವುದಕ್ಕೂ ಕಟ್ಟಳೆ ಇತ್ತು: ಹೊಡೆದವನಿಗೆ ಪಾಲು, ಕಾಡು ಸೋವಿ ಪ್ರಾಣಿ ಎಬ್ಬಿಸಿದವನಿಗೆ ಪಾಲು, ನಾಯಿಗೆ ಪಾಲು, ದಾರಿಯಲ್ಲಿ ನಿಂತು ಸುಮ್ಮನೆ ನೋಡಿದವನಿಗೂ ಪಾಲು. ಹೆಂಡತಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಆಗ ತಮಾಷೆ ಇರಲಿಲ್ಲ.

“ನಿಮ್ಮ ಅಜ್ಜನ ಕಥೆ ಇಷ್ಟು ವರ್ಷ ಕೇಳಿದ್ದೇನೆ. ನನ್ನ ಕೋಳಿಗಳನ್ನು ಒಮ್ಮೆ ಉಳಿಸಿ ಕೊಡಿ, ಮಾರಾಯ್ರೆ.”

ಮರುದಿನ ಬೆಳಿಗ್ಗೆ ನಾನು ಮೇವಿನ ಹೊರೆಯ ಹಿಂದೆ ಹೊಟ್ಟೆಯಡಿಯಾಗಿ ಮಲಗಿದ್ದೆ. ಏರ್‌ಗನ್ನಿನ ಗುಂಡಿಗೆ ನರಿ ಸಾಯುವುದಿಲ್ಲ, ಕುಂಡೆಗೆ ಬಿದ್ದರೆ ಬುದ್ಧಿ ಕಲಿಯುತ್ತದೆ ಎಂದು ಕಾಕ ಹೇಳಿದ್ದರು. ಅರಬಾಬ್ ಸ್ವಲ್ಪ ಹಿಂದೆ ಕುರ್ಚಿ ಹಾಕಿಸಿ, ಸಿನಿಮಾಕ್ಕೆ ಬಂದವರ ಹಾಗೆ ಕರಕ್ ಚಾ ಕುಡಿಯುತ್ತಿದ್ದರು. ಹೆಂಡತಿ ಕೆಂಪು ಹುಂಜವನ್ನು ಕಂಕುಳಲ್ಲಿ ಭದ್ರವಾಗಿ ಇಟ್ಟುಕೊಂಡು ಪಂಪಿನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಬಿಲದಿಂದ ಏನೂ ಹೊರಗೆ ಬರಲಿಲ್ಲ. ಇರುವೆಗಳು ಮಾತ್ರ ನನ್ನ ಅಂಗಿಯೊಳಗೆ ಬಂದವು.

ಇದ್ದಕ್ಕಿದ್ದಂತೆ ಕೋಳಿಗಳೆಲ್ಲ ಕಿರುಚಿಕೊಂಡು ಚದುರಿದವು. ಮರಳಿನ ಮೇಲೆ ಒಂದು ನೆರಳು ಸರ್ರನೆ ಹೋಯಿತು. ನರಿ ಅಲ್ಲ, ಮೇಲಿನಿಂದ ಬಂದದ್ದು! ಪಂಪಿನ ಮನೆಯ ಸೂರಿನ ತುದಿಯಲ್ಲಿ ಒಂದು ದೊಡ್ಡ ಗಿಡುಗ ಬಂದು ಕುಳಿತು, ಯಾವ ಕೋಳಿ ಎಂದು ಆರಿಸುತ್ತಿತ್ತು. ಕೋಳಿ ಸಾಕಿದವರಿಗೆಲ್ಲ ಗಿಡುಗ ಎಂದರೆ ಹಳೆಯ ಹಗೆ. ನನಗೆ ಮೈಯೆಲ್ಲ ಕಣ್ಣಾಯಿತು. ಗುರಿ ಇಟ್ಟೆ. ಜೀವಮಾನದಲ್ಲಿ ಮೊದಲ ಸಲ, ಈ ಗುಂಡು ತಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಬೆರಳು ಕುದುರೆಯ ಮೇಲೆ ಬಂತು.

ಆಗ ಗಿಡುಗ ಕಾಲು ಬದಲಿಸಿ ಕುಳಿತಿತು. ಕಾಲಿನಿಂದ ಒಂದು ಚರ್ಮದ ಪಟ್ಟಿ ಜೋತಾಡಿತು.

ನಾನು ಬಂದೂಕು ಇಳಿಸಿದೆ. “ಕ್ಯಾ ಹುವಾ? ಯಲ್ಲಾ, ಮಾರೋ!” ಎಂದು ಅರಬಾಬ್ ಹಿಂದಿನಿಂದ ಪಿಸುಗುಟ್ಟಿದರು. “ಸರ್, ಉಸ್ಕಾ ಪೈರ್ ದೇಖೋ” ಎಂದೆ. ಅವರು ನೋಡಿದರು. ಚಾದ ಗ್ಲಾಸು ಮರಳಿಗೆ ಬಿತ್ತು. ಫೋನಿನಲ್ಲಿ ತಂದೆಗೆ ಹೇಳುವಾಗ ಅಷ್ಟು ದೊಡ್ಡ ಮನುಷ್ಯನ ಸ್ವರ ಮಗುವಿನ ಸ್ವರದಂತಾಗಿತ್ತು.

ಮುದುಕರು ಹೇಗೆ ಅಷ್ಟು ಬೇಗ ಬಂದರೋ, ರಸ್ತೆಯ ಕ್ಯಾಮೆರಾಗಳಿಗೇ ಗೊತ್ತು. ಕಾರಿನಿಂದ ಚಪ್ಪಲಿ ಇಲ್ಲದೆ ಇಳಿದರು. ಹೋ ಹೋ ಎಂದು ಕರೆಯುತ್ತ, ಅದನ್ನು ಇಳಿಸಿಕೊಳ್ಳಲು ಗರಿ ಕಟ್ಟಿದ ಗಂಟನ್ನು ದಾರದಲ್ಲಿ ಬೀಸಿದರು. ಗಿಡುಗ ಒಮ್ಮೆ ನೋಡಿ ಮುಖ ತಿರುಗಿಸಿತು. ಒಂದು ವಾರ ನನ್ನ ಹೆಂಡತಿಯ ಕೋಳಿ ತಿಂದು ನಾಲಗೆ ಕೆಟ್ಟಿತ್ತು ಅದಕ್ಕೆ, ಒಣಗರಿ ಯಾರಿಗೆ ಬೇಕು? ರೆಕ್ಕೆ ಬಿಚ್ಚಿ ಹೊರಡುವ ಹಾಗೆ ಮಾಡಿತು. ಜೀವ ಇರುವ ಹಕ್ಕಿ ತೋರಿಸಿದರೆ ಮಾತ್ರ ಇಳಿದೀತು, ಈಗ ಹೋದರೆ ಮತ್ತೆ ಸಿಗುವುದಿಲ್ಲ ಎಂದರು ಮುದುಕರು. ಮಜ್ರಾದ ಪಾರಿವಾಳಗಳೆಲ್ಲ ಹೆದರಿ ಎತ್ತಲೋ ಹಾರಿದ್ದವು. ಕೋಳಿಗಳು ಒಂದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಎಲ್ಲರ ದೃಷ್ಟಿಯೂ ಒಂದೇ ಕಡೆ ಹೋಯಿತು.

ಹೆಂಡತಿ ಹುಂಜವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಅರಬಾಬ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಮುದುಕರು ಮಾತ್ರ ಬೇಡ ಎಂಬಂತೆ ಕೈ ಅಡ್ಡ ಆಡಿಸಿ, “ಲಾ, ಲಾ. ಯೇ ಮೇಡಂ ಕಾ” ಎಂದು ತಲೆ ಅಲ್ಲಾಡಿಸಿದರು. ಹಾಗೆ ಹೇಳುವಾಗಲೂ ಅವರ ಕಣ್ಣು ಸೂರಿನ ತುದಿಯಲ್ಲೇ ಇತ್ತು.

ಅವಳು ಅವರನ್ನು ನೋಡಿದಳು. ಆಮೇಲೆ, “ಕಾಕ, ಒಂದು ಹಗ್ಗ ಕೊಡಿ” ಎಂದಳು. ಹುಂಜದ ಕಾಲಿಗೆ ತಾನೇ ಹಗ್ಗ ಕಟ್ಟಿದಳು. ಅದರ ತಲೆ ಸವರಿ ತುಳುವಿನಲ್ಲಿ ಏನೋ ಹೇಳಿದಳು. ಹಗ್ಗದ ತುದಿ ಯಾರಿಗೂ ಕೊಡದೆ, ತಾನೇ ಬಯಲಿನ ನಡುವೆ ಹೋಗಿ ಅದನ್ನು ಬಿಟ್ಟಳು.

ನಮ್ಮ ಹುಂಜ ಎಂಥ ಹುಂಜ! ಹೆದರಿ ಮುದುಡಬೇಕಾದದ್ದು, ಎದೆ ಉಬ್ಬಿಸಿ ಕೊಕ್ಕೋ ಎಂದು ಕೂಗಿತು. ಗಿಡುಗ ಕಲ್ಲು ಬಿದ್ದಂತೆ ಬಿತ್ತು. ಧೂಳು, ರೆಕ್ಕೆ, ಕಿರುಚಾಟ. ಹುಂಜ ಎರಡು ಕಾಲೆತ್ತಿ ಗಿಡುಗದ ಎದೆಗೆ ಒದ್ದದ್ದನ್ನು ನಾನು ಈ ಎರಡು ಕಣ್ಣಿನಿಂದ ನೋಡಿದ್ದೇನೆ. ಕಾಕ ವಯಸ್ಸು ಮರೆತು, “ಬಿಡ್ಬೇಡ, ಬಿಡ್ಬೇಡ!” ಎಂದು ಅಂಕದ ಕಳದಲ್ಲಿ ನಿಂತವರ ಹಾಗೆ ಕುಣಿದರು. ಹೆಂಡತಿ ಹಗ್ಗ ಎಳೆದಳು. ಬಾಲದ ಗರಿಗಳನ್ನೆಲ್ಲ ಗಿಡುಗದ ಉಗುರಿನಲ್ಲಿ ಬಿಟ್ಟು ಹುಂಜ ಅವಳ ಸೀರೆಯೊಳಗೆ ಬಂದು ಸೇರಿತು. ಗಿಡುಗ ಬಾಯಿ ತೆರೆದು, ಇದು ಯಾವ ಜಾತಿಯ ಊಟ ಎಂದು ತಿಳಿಯದೆ ಮರಳಿನಲ್ಲಿ ಕುಳಿತಿತ್ತು. ಮುದುಕರು ಮಂಡಿಯೂರಿ, ಕೈಗವಸಿನ ಮೇಲೆ ಮಾಂಸದ ತುಂಡು ಇಟ್ಟು ಮೆಲ್ಲಗೆ ಚಾಚಿದರು. ಅದು ಒಂದು ಹೆಜ್ಜೆ ಇಟ್ಟಿತು, ಮತ್ತೊಂದು ಇಟ್ಟಿತು, ಕೈ ಮೇಲೆ ಹತ್ತಿತು. ಮುದುಕರು ಅದರ ರೆಕ್ಕೆಗೆ ಹಣೆ ತಾಗಿಸಿ ಅತ್ತರು. ನನಗೂ ಅಳು ಬಂತು. ಅಷ್ಟು ಸಂತೋಷವನ್ನು ನಾನು ಅಷ್ಟು ಹತ್ತಿರದಿಂದ ಅದುವರೆಗೆ ನೋಡಿರಲಿಲ್ಲ.

ಆಮೇಲೆ ಎಲ್ಲರೂ ಖರ್ಜೂರದ ಮರದ ಕೆಳಗೆ ಕುಳಿತೆವು. ಹೆಂಡತಿ ಡಬ್ಬಿ ತೆರೆದು ನನ್ಯರಿ ಹಂಚಿದಳು. ಹುರಿದ ಕುಚ್ಚಲಕ್ಕಿ ಪುಡಿಗೆ ಬೆಲ್ಲ, ಕಾಯಿ, ತುಪ್ಪ ಬೆರೆಸಿದ್ದು, ಕೆಡ್ಡಸದ ತಿಂಡಿ. ಮುದುಕರು ಒಂದು ವಾರದ ಹಸಿವನ್ನೆಲ್ಲ ಅದರಲ್ಲಿ ತೀರಿಸಿಕೊಂಡರು. ನಾನು ಬೇಟೆಯ ಪಾಲಿನ ಕಟ್ಟಳೆ ವಿವರಿಸಿದೆ, ಅಜ್ಜನ ಹಂದಿಗಳನ್ನೂ ಬಿಡಲಿಲ್ಲ. ಎಲ್ಲ ಕೇಳಿ ಮುದುಕರು ಹೆಂಡತಿಯ ಕಡೆ ತಿರುಗಿ, ಹಾಗಾದರೆ ನಿನ್ನ ಪಾಲು ಏನು, ಕೇಳು ಎಂದರು. ಹೊಸ ಕೋಳಿಗೂಡು ಕೇಳುತ್ತಾಳೆ ಎಂದುಕೊಂಡೆ. ಅವಳು ಮೂರು ಬೆರಳು ತೋರಿಸಿದಳು.

“ಮಾ ಕಾ ಛುಟ್ಟಿ. ಹರ್ ಸಾಲ್.”

ಪ್ರತಿ ವರ್ಷವೂ ಎಂದು ಮುದುಕರು ಎದೆಯ ಮೇಲೆ ಕೈ ಇಟ್ಟರು. ಕೋಳಿಗೂಡನ್ನೂ ಕಟ್ಟಿಸಿದರು, ಮೇಲೆ ಬಲೆ ಹಾಕಿ, ಕೇಳದೆಯೇ.

ಆಮೇಲೆ ಊರಿನಿಂದ ಯಾರು ಬಂದರೂ ಈ ಕಥೆ ನಾನು ಹೇಳುತ್ತೇನೆ. ಗುಂಡು ಹೊಡೆಯದೆ ನಿಲ್ಲಿಸಿದೆನಲ್ಲ, ಅದೇ ದೊಡ್ಡ ಬೇಟೆ ಎಂದು ಸ್ವಲ್ಪ ಎದೆ ಉಬ್ಬಿಸುತ್ತೇನೆ. “ಹೊಡೆದಿದ್ರೂ ಆ ಗಿಡುಗಕ್ಕೆ ಎಂತ ಆಗ್ತಿತ್ತು? ಟ್ಯಾಂಕಿಗೆ ಇನ್ನೊಂದು ತೂತು, ಅಷ್ಟೇ” ಎನ್ನುತ್ತಾಳೆ ಅವಳು. ಹುಂಜಕ್ಕೆ ಬಾಲ ಮತ್ತೆ ಬಂತು, ಮೊದಲಿಗಿಂತ ಸ್ವಲ್ಪ ಡೊಂಕಾಗಿ.

ಈ ವರ್ಷ ಜನವರಿಯಲ್ಲೇ ಮುದುಕರು ಕಾಕನಿಗೆ ಫೋನ್ ಮಾಡಿದ್ದರಂತೆ. ಮಜ್ರಾದಲ್ಲಿ ಹೊಸ ಪೈಪು ಹಾಕಲು ನೆಲ ಅಗೆಯಬೇಕಿತ್ತು, ಅಗೆಯುವ ಯಂತ್ರದವರು ಯಾವ ದಿನ ಬರಬೇಕು ಎಂದು ಕೇಳುತ್ತಿದ್ದರು. ಮುದುಕರು ಅವರಿಗೆ ಕಾಯಲು ಹೇಳಿ, ಮೊದಲು ಕಾಕನನ್ನು ಕೇಳಿದರಂತೆ: “ಮೇಡಂ ಕೋ ಪೂಛೋ, ಮಾ ಕಾ ಛುಟ್ಟಿ ಕಬ್ ಹೈ?”