ಗ್ರಹಗಳನ್ನು ತಳ್ಳುವ ಕೈ

ವಿಜ್ಞಾನ ಕೇಂದ್ರದಲ್ಲಿ ನಮ್ಮಕ್ಕನಿಗೆ ಎಲ್ಲರೂ ಇಟ್ಟ ಹೆಸರು ಗ್ರಹದಕ್ಕ. ಟಿಕೆಟ್ ಕೌಂಟರಿನಲ್ಲಿ ಕೂರುವ ನಾನು ಬರೀ ‘ಅವಳ ತಂಗಿ’. ಹೊಟ್ಟೆಕಿಚ್ಚೇನೂ ಇಲ್ಲ. ಇದ್ದರೂ ಸ್ವಲ್ಪ.

ಕೌಂಟರಿನ ಎದುರೇ ಅವಳ ಮೇಜು. ಬಿಗಿಯಾಗಿ ಎಳೆದು ಕಟ್ಟಿದ ರಬ್ಬರ್ ಹಾಳೆ, ನಡುವೆ ಅದನ್ನು ತಗ್ಗಿಸಿ ಕೂತ ಕಬ್ಬಿಣದ ಗುಂಡು. ಗುಂಡು ನಕ್ಷತ್ರ, ಗೋಲಿ ಗ್ರಹ. ಗೋಲಿಯನ್ನು ಅಡ್ಡಕ್ಕೆ ತಳ್ಳಬೇಕು. ವೇಗ ಹದವಾಗಿದ್ದರೆ ಅದು ದುಂಡಗೆ ಸುತ್ತುತ್ತದೆ. ತುಸು ಕಡಿಮೆಯಾದರೆ ಆಚೆ ಬದಿಯಲ್ಲಿ ನಕ್ಷತ್ರದ ಹತ್ತಿರಕ್ಕೆ ಜಾರಿ, ಅಲ್ಲಿ ರಭಸ ಪಡೆದು ಮತ್ತೆ ಹೊರಗೆ ಬರುತ್ತದೆ. ದಾರಿ ಮೊಟ್ಟೆಯಂತೆ ಉದ್ದವಾಗುತ್ತದೆ. ತುಸು ಹೆಚ್ಚಾದರೆ ದೂರ ಹೋಗಿ, ನಿಧಾನವಾಗಿ, ಮರಳುತ್ತದೆ. ತೀರಾ ಹೆಚ್ಚಾದರೆ ಹೋದದ್ದು ಹೋಯಿತು. ಹಾಳೆ ಉಜ್ಜಿ ಉಜ್ಜಿ ಗೋಲಿ ಸೋಲುತ್ತದೆ, ಆಕಾಶದಲ್ಲಿ ಹಾಗೆ ಉಜ್ಜುವಂಥದ್ದೇನೂ ಇಲ್ಲ ಎಂದು ಅಕ್ಕ ಪ್ರತಿ ಸಲ ಹೇಳುತ್ತಾಳೆ. ಆ ಹದ ಅವಳ ಬೆರಳಲ್ಲಿತ್ತು.

ಈ ವರ್ಷ ಅವಳ ಬಲಗೈ ನಡುಗತೊಡಗಿತು. ಗೋಲಿ ಹೇಗೇ ಹೋಗಲಿ, ತನಗೆ ಅದೇ ಬೇಕಿತ್ತು ಎಂಬಂತೆ ಆ ದಾರಿಯನ್ನೇ ವಿವರಿಸಿಬಿಡುತ್ತಿದ್ದಳು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ. ನನಗೆ ನಗು ಬರುತ್ತಿತ್ತು, ಹಿಂದೆಯೇ ಹೆದರಿಕೆ. ಡಾಕ್ಟರ ಮಾತೆತ್ತಿದರೆ ತೇಲಿಸಿಬಿಡುತ್ತಿದ್ದಳು. ಕೈಯ ವಿಷಯ ಗೊತ್ತಾದರೆ ಕೆಲಸ ಹೋಗುತ್ತದೆಂಬ ಭಯವಿರಬೇಕು ಎಂದುಕೊಂಡೆ.

ನಿನ್ನೆ ಶಾಲೆಯ ಮಕ್ಕಳು ಬಂದಿದ್ದರು. ದುಂಡಗೆ ಸುತ್ತುವುದನ್ನೇ ತೋರಿಸಬೇಕೆಂದು ಒಬ್ಬಳು ಪುಟ್ಟ ಹುಡುಗಿ ಹಟ ಹಿಡಿದಳು. ಅಕ್ಕ ತಳ್ಳಿದಳು, ಮೊಟ್ಟೆಯಾಯಿತು. ಮತ್ತೆ ತಳ್ಳಿದಳು, ಗೋಲಿ ಮೇಜು ಬಿಟ್ಟು ಹಾರಿತು. ಮೂರನೆಯ ಸಲ ಬೆರಳು ತಳ್ಳಲೇ ಇಲ್ಲ, ಗೋಲಿ ಸುಮ್ಮನೆ ಜಾರಿತು. ನೇರವಾಗಿ ಉರುಳಿ ಹೋಗಿ ಗುಂಡಿಗೆ ಟಣ್ಣೆಂದು ಬಡಿಯಿತು.

ಇದು ಯಾವುದು ಎಂದು ಹುಡುಗಿ ಕೇಳಿದಳು. ಎಲ್ಲ ದಾರಿಗೂ ಮಾತಿದ್ದ ಅಕ್ಕ ಬಲಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡಳು. ಸಾಲಿನಲ್ಲಿದ್ದವರನ್ನು ಬಿಟ್ಟು ಎದ್ದು ಹೋದೆ, ಗೋಲಿ ತೆಗೆದುಕೊಂಡು ತಳ್ಳಿದೆ. ಅಷ್ಟೇನೂ ದುಂಡಗಲ್ಲದಿದ್ದರೂ ಸುತ್ತಿತು.

“ಅಡ್ಡಕ್ಕೆ ವೇಗ ಇಲ್ದಿದ್ರೆ ನಕ್ಷತ್ರ ಎಳ್ಕೊಂಡ್ಬಿಡತ್ತೆ,” ಎಂದು ಅಕ್ಕ ಆಮೇಲೆ ಮೆಲ್ಲಗೆ ಹುಡುಗಿಗೆ ಹೇಳಿದಳು.

ಮಕ್ಕಳು ಹೋದ ಮೇಲೆ ನನ್ನ ಕಡೆ ತಿರುಗಿದಳು. “ಅಮ್ಮಂಗೂ ಹೀಗೇ ಶುರುವಾಗಿದ್ದು ಕಣೇ.”

ನನಗೇನು ಗೊತ್ತಿಲ್ಲವೇ? ಕೊನೆಕೊನೆಗೆ ಅಮ್ಮನಿಗೆ ಸರದಿಯ ಮೇಲೆ ತುತ್ತು ತಿನ್ನಿಸಿದವರು ನಾವಿಬ್ಬರೇ. ಕೆಲಸದ ಚಿಂತೆ ಬಿಡು, ಹೇಗೋ ಆಗುತ್ತದೆ ಎಂದೆ.

“ಕೆಲಸ ಹಾಳಾಗ್ಲಿ. ನಿನ್ ಕೈ ತೋರ್ಸು.”

ಎರಡೂ ಕೈ ಚಾಚಿದೆ. ಅಕ್ಕ ಬಗ್ಗಿ, ಉಸಿರು ಬಿಗಿಹಿಡಿದು, ಒಂದೊಂದೇ ಬೆರಳು ನೋಡಿದಳು. ಅಲ್ಲಾಡಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿ ಎಂದಳು. ಹಿಡಿದೆ. ಆಮೇಲೆ ಅತ್ತಳು.